ರವಿವಾರ ರಾಜು ಹೋಗುತ್ತಿದ್ದ ಕೋಣೆ

ನಾನು ಬಸವಕಲ್ಯಾಣದಲ್ಲಿ ಹೆಂಗಸರ ಬಟ್ಟೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯಲ್ಲಿ ನಮ್ಮ ಮನೆಯವರ ಕಿರಾಣಿ ಅಂಗಡಿ, ಪಕ್ಕದ ಸಣ್ಣ ಕೋಣೆಯಲ್ಲಿ ನನ್ನ ಮಷೀನು. ಮದುವೆ ಸೀಜನ್ನಿನಲ್ಲಿ ಬ್ಲೌಸಿನ ಬಟ್ಟೆಗಳು ಮಷೀನಿನ ಸುತ್ತ ಗುಡ್ಡದಂತೆ ಬಿದ್ದಿರುತ್ತವೆ. ಆ ಗುಡ್ಡದ ಅಡಿಯಲ್ಲಿ ನಾನು ಬಹಳ ದಿನ ಸರಾಯಿ ಪ್ಯಾಕೆಟ್ಟುಗಳನ್ನು ಮುಚ್ಚಿಟ್ಟಿದ್ದೆ.

ನನಗೆ ಕುಡಿತದ ರೋಗವಿತ್ತು. ಇತ್ತು ಅನ್ನುವುದು ಸರಿಯಲ್ಲ, ಇದೆ. ಕುಡಿಯುವುದನ್ನು ಬಿಟ್ಟಿದ್ದೇನೆ ಅಷ್ಟೆ. ಇದನ್ನು ಬರೆಯಬೇಕೋ ಬೇಡವೋ ಅಂತ ಬಹಳ ಯೋಚಿಸಿದೆ. ಗಂಡಸರು ಕುಡಿದರೆ ಊರು ಬೈಯುತ್ತದೆ, ಆದರೆ ಅವರಿಗೆ ಹೋಗಲು ಒಂದು ಜಾಗ ಸಿಗುತ್ತದೆ. ನನ್ನಂಥ ಹೆಂಗಸು ಬಾಗಿಲು ಹಾಕಿಕೊಂಡು ಒಳಗೇ ಕೂರುತ್ತಾಳೆ. ನಾನೂ ಕೂತಿದ್ದೆ. ಈಗ ಎಲ್ಲೋ ಒಬ್ಬಳು ಹಾಗೆ ಕೂತಿದ್ದರೆ ಅವಳಿಗೆ ಇದು ಮುಟ್ಟಲಿ ಅಂತ ಬರೆಯುತ್ತಿದ್ದೇನೆ.

ಶುರುವಾದದ್ದು ಹುಮನಾಬಾದಿನಲ್ಲಿ, ನನ್ನ ತಮ್ಮ ರಾಜುನ ಮನೆಯಲ್ಲಿ. ರಾಜು ಅಲ್ಲಿಯ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ನಮ್ಮ ಅವ್ವನಿಗೆ ಲಕ್ವಾ ಹೊಡೆದು ಒಂದು ಮಗ್ಗುಲು ಬಿದ್ದುಹೋದಾಗ ಅವಳನ್ನು ಅವನೇ ಇಟ್ಟುಕೊಂಡ. ನಾನು ವಾರದಲ್ಲಿ ಮೂರ್ನಾಲ್ಕು ದಿನ ಬಸ್ಸು ಹತ್ತಿ ಹೋಗಿ ಅವಳ ಸೇವೆ ಮಾಡುತ್ತಿದ್ದೆ. ಅವನ ಹೆಂಡತಿ ರೇಣುಕಾ ಅಂಗನವಾಡಿಯಲ್ಲಿ ಸಹಾಯಕಿ, ಬೆಳಿಗ್ಗೆ ಅವಳು ಇರುತ್ತಿರಲಿಲ್ಲ. ಅವ್ವ ನೋವಿಗೆ ಕೂಗುತ್ತಿದ್ದಳು. ನಾನು ಅವಳನ್ನು ಮಗ್ಗುಲು ಬದಲಿಸಿ, ಒರೆಸಿ, ಉಣಿಸಿ ಹೊರಗೆ ಬಂದರೆ ನನ್ನ ಮೈಯೆಲ್ಲ ಕಟ್ಟಿಗೆಯಾಗಿರುತ್ತಿತ್ತು.

ರಾಜು ಆಗಲೇ ಕುಡಿಯುತ್ತಿದ್ದ. ಪಾಳಿ ಮುಗಿಸಿ ಬಂದವನು ಒಂದು ದಿನ ನನ್ನ ಮುಖ ನೋಡಿ, "ಅಕ್ಕಾ, ಒಂದ್ ಎರಡ್ ಗುಟುಕು ತಗೋ. ಔಷಧಿ ಅಂತ ತಿಳಕೋ. ನಿದ್ದಿ ಬರ್ತದ" ಅಂದ. ನಾನು ಛೀ ಅಂದೆ. ನಮ್ಮ ಗಂಡನ ಮನೆಯಲ್ಲಿ ಲಿಂಗಪೂಜೆ ಆಗದೆ ಯಾರೂ ನೀರು ಕುಡಿಯುವುದಿಲ್ಲ. ಛೀ ಅಂದು, ಮೂಗು ಹಿಡಿದುಕೊಂಡು ಕುಡಿದೆ. ಆ ಮಧ್ಯಾಹ್ನ ಎಷ್ಟೋ ತಿಂಗಳಾದ ಮೇಲೆ ನಿದ್ದೆ ಬಂತು.

ಅವ್ವ ತೀರಿಕೊಂಡಳು. ಅವಳ ಹಾಸಿಗೆಯನ್ನು ಸುತ್ತಿ ಮೂಲೆಗಿಟ್ಟೆವು. ಆದರೂ ನಾನು ಹುಮನಾಬಾದಿಗೆ ಹೋಗುವುದು ನಿಲ್ಲಲಿಲ್ಲ. ತಮ್ಮನ ಮನೆಗೆ ಹೋಗುವ ಅಕ್ಕನನ್ನು ಯಾರು ಕೇಳುತ್ತಾರೆ? ರೇಣುಕಾ ಕೆಲಸಕ್ಕೆ ಹೋದ ಮೇಲೆ ನಾವಿಬ್ಬರೂ ಅಡುಗೆಮನೆಯ ಹಿಂದಿನ ಕಟ್ಟೆಯ ಮೇಲೆ ಕೂತು ಅವ್ವನ ಮಾತಾಡುತ್ತ ಕುಡಿಯುತ್ತಿದ್ದೆವು. ಮನೆಗೆ ಹೊರಡುವಾಗ ಅವನು ನಾಲ್ಕು ಪ್ಯಾಕೆಟ್ಟು ನನ್ನ ಚೀಲದಲ್ಲಿ, ಲೈನಿಂಗ್ ಬಟ್ಟೆಯ ನಡುವೆ ಇಟ್ಟುಕೊಡುತ್ತಿದ್ದ. ಒಂದೆರಡು ವರ್ಷದಲ್ಲಿ ಬೆಳಿಗ್ಗೆ ಸೂಜಿಗೆ ದಾರ ಪೋಣಿಸಬೇಕಾದರೂ ನನಗೆ ಒಂದು ಗುಟುಕು ಬೇಕಾಗುತ್ತಿತ್ತು. ಅದು ಹೊಟ್ಟೆಗೆ ಹೋಗದಿದ್ದರೆ ದಾರ ಸೂಜಿಯ ಕಣ್ಣಿನ ಆಚೆ ಈಚೆ ಓಡಾಡುತ್ತಿತ್ತು.

ಒಂದು ದಿನ ರಾಜು, "ಇನ್ನ ನಾ ತರಾಂಗಿಲ್ಲಕ್ಕಾ" ಅಂದ. ನನಗೆ ಸಿಟ್ಟು ಬಂತು. ಯಾಕೆ ಅಂತ ಕೇಳಲಿಲ್ಲ. ನಮ್ಮ ಓಣಿಯಲ್ಲೇ ಒಬ್ಬ ಹೆಂಗಸು ಮನೆಯಲ್ಲಿಟ್ಟು ಮಾರುತ್ತಿದ್ದಳು, ಅವಳ ಹತ್ತಿರ ತರತೊಡಗಿದೆ. ಮತ್ತೊಂದು ದಿನ ಫೋನ್ ಮಾಡಿ, "ರವಿವಾರ ಒಂದ್ ಕಡಿ ಹೋಗೋದದ, ನೀನೂ ಬರ್ತೀಯೇನು?" ಅಂದ. ಯಾರದೋ ಮನೆಯ ಕಾರ್ಯ ಇರಬೇಕು ಅಂದುಕೊಂಡು, "ಹತ್ತು ಬ್ಲೌಸ್ ಬಾಕಿ ಅವ, ನೀ ಹೋಗಿ ಬಾ" ಅಂದೆ. "ಆಯ್ತು ಬಿಡು, ಮತ್ತೊಂದ್ ರವಿವಾರ" ಅಂದ. ಅವನು ಆ ಮಾತನ್ನು ಮತ್ತೆ ಎತ್ತಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಕಣ್ಣು ಹಳದಿಯಾಯಿತು. ಹೊಟ್ಟೆ ಊದಿಕೊಂಡಿತು. ಬೀದರಿನ ಸರಕಾರಿ ದವಾಖಾನೆಗೆ ಸೇರಿಸಿದೆವು. ಹಗಲು ನಾನು, ರಾತ್ರಿ ರೇಣುಕಾ. ದವಾಖಾನೆಯ ವೆರಾಂಡಾದಲ್ಲಿ ಜನ ಚಾಪೆ ಹಾಸಿಕೊಂಡು ಬುತ್ತಿ ಬಿಚ್ಚಿ ಉಣ್ಣುತ್ತಾರೆ, ಅಲ್ಲೇ ಮಕ್ಕಳಿಗೆ ತಲೆ ಬಾಚುತ್ತಾರೆ. ನನ್ನ ಪಕ್ಕದಲ್ಲಿ ಗೋರ್ಟಾದಿಂದ ಬಂದ ಒಬ್ಬ ಅಜ್ಜಿ ಕೂತಿರುತ್ತಿದ್ದಳು, ಮಗನ ಕಾಲಿನ ಆಪರೇಶನ್ನಿಗೆ ಬಂದವಳು. ಆಕೆ ದಿನಾ ನನಗೊಂದು ರೊಟ್ಟಿ ಕೊಟ್ಟು, "ತಮ್ಮಗ ಏನಾಗ್ಯದವಾ?" ಅಂತ ಕೇಳುತ್ತಿದ್ದಳು. ನಾನು, "ಕಾಮಾಲಿರೀ" ಅನ್ನುತ್ತಿದ್ದೆ.

ಅಲ್ಲಿ ನನ್ನಿಂದ ಕುಡಿಯಲು ಆಗುತ್ತಿರಲಿಲ್ಲ. ಒಂದು ಬೆಳಿಗ್ಗೆ ವಾರ್ಡಿಗೆ ಬಂದ ಡಾಕ್ಟರಮ್ಮ, ಸಣ್ಣ ವಯಸ್ಸಿನವರು, ರಾಜುನ ಹೊಟ್ಟೆ ಮುಟ್ಟಿ ನೋಡಿ ನನ್ನ ಕಡೆ ತಿರುಗಿದರು. ನಾನು ಅವನಿಗೆ ನೀರು ಕೊಡಲು ಲೋಟ ಹಿಡಿದಿದ್ದೆ. ನೀರು ಹಾಸಿಗೆಯ ಮೇಲೆಲ್ಲ ಚೆಲ್ಲುತ್ತಿತ್ತು.

"ಲೋಟ ಅಲ್ಲಿಟ್ಟು ಎರಡೂ ಕೈ ಮುಂದೆ ಚಾಚಿ" ಅಂದರು.

ಚಾಚಿದೆ. ಬೆರಳುಗಳು ನನ್ನವಲ್ಲ ಅನ್ನುವ ಹಾಗೆ ನಡುಗುತ್ತಿದ್ದವು.

"ನೀವೂ ಕುಡಿಯುತ್ತೀರಾ?"

ಅವರು ಮೆಲ್ಲಗೇ ಕೇಳಿದರು, ಆದರೆ ನನಗೆ ಇಡೀ ವಾರ್ಡು ನನ್ನನ್ನೇ ನೋಡಿದ ಹಾಗಾಯಿತು. ನಾನು ಬಾಯಿ ತೆರೆಯುವ ಮೊದಲೇ ರಾಜು ಕಣ್ಣು ಮುಚ್ಚಿಕೊಂಡೇ ಹೇಳಿದ: "ಇಲ್ರೀ ಡಾಕ್ಟರ್. ಅಕಿ ಕುಡ್ಯಾಂಗಿಲ್ಲ. ನನ್ನ ಚಿಂತ್ಯಾಗ ಊಟ ಬಿಟ್ಟಾಳ, ಅದಕ್ಕ ಕೈ ನಡಗಾಕತ್ತಾವ."

ಡಾಕ್ಟರಮ್ಮ ನನ್ನನ್ನು ನೋಡಿದರು. ನಂಬಲಿಲ್ಲ ಅಂತ ನನಗೆ ಗೊತ್ತಾಯಿತು. "ಹೊರಗೆ ಬಂದು ನನ್ನ ಜೊತೆ ಮಾತಾಡಿ" ಅಂದು ಹೋದರು. ನಾನು ಹೋಗಲಿಲ್ಲ. ತುಸು ಹೊತ್ತಿನ ಮೇಲೆ ರಾಜು, "ಅಕ್ಕಾ, ಹೋಗಿ ಮಾತಾಡು. ನಾ ಎಲ್ಲರ ಮುಂದ ಹಂಗ ಅಂದೆ, ಅಷ್ಟ" ಅಂದ. ನಾನು ಆಗಲೂ ಹೋಗಲಿಲ್ಲ.

ಅವನು ಆ ವಾರ್ಡಿನಲ್ಲೇ ತೀರಿಕೊಂಡ.

ಮಣ್ಣು ಮಾಡಿ ಬಂದ ದಿನ ಮನೆಯಲ್ಲಿ ಹೆಂಗಸರೆಲ್ಲ ಕೂತಿದ್ದಾಗ ರೇಣುಕಾ ಎದ್ದು ನನ್ನ ಮುಂದೆ ಬಂದು ನಿಂತಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. "ಅಕ್ಕಾ, ನೀವು ಬಂದಾಗೆಲ್ಲಾ ಅವರು ಕುಡೀತಿದ್ರು. ನನಗ ಗೊತ್ತಿಲ್ಲ ಅಂದ್ಕೊಂಡೀರೇನು? ಹಿಂದಿನ ಕಟ್ಟಿ ನಾನಽ ತೊಳೀತಿದ್ದೆ. ಇನ್ನ ಈ ಮನಿಗೆ ಬರಬ್ಯಾಡ್ರಿ." ಯಾರೂ ಅವಳನ್ನು ತಡೆಯಲಿಲ್ಲ. ನಾನು ಚಪ್ಪಲಿ ಹುಡುಕಿಕೊಂಡು ಹೊರಗೆ ಬಂದೆ.

ಆಮೇಲಿನ ತಿಂಗಳುಗಳು ನನಗೆ ಸರಿಯಾಗಿ ನೆನಪಿಲ್ಲ. ಕೆಲವು ಚೂರುಗಳು ನೆನಪಿವೆ. ಮದುಮಗಳೊಬ್ಬಳ ಬ್ಲೌಸಿನ ತೋಳುಗಳನ್ನು ಉಲ್ಟಾ ಜೋಡಿಸಿ, ಆಕೆಯ ತಾಯಿ ಅಂಗಡಿಯ ಮುಂದೆ ನಿಂತು ಅತ್ತದ್ದು. ನನ್ನ ಮಗಳು ಪಲ್ಲವಿ ಕಾಲೇಜಿನಿಂದ ಬಂದವಳು ನಾನು ಕೊಟ್ಟ ನೀರಿನ ಲೋಟವನ್ನು ಮೊದಲು ಮೂಸಿ ನೋಡಿ, ಆಮೇಲೆ ಕುಡಿದದ್ದು. ಅವಳು ಅದನ್ನು ಬೇಕೆಂದು ಮಾಡಲಿಲ್ಲ. ಅವಳ ಕೈಗೆ ರೂಢಿಯಾಗಿಬಿಟ್ಟಿತ್ತು.

ಶ್ರಾವಣ ಬಂದಾಗ, ಇನ್ನು ಸಾಕು ಅಂತ ನಾನೇ ಬಿಟ್ಟೆ. ಯಾರನ್ನೂ ಕೇಳಲಿಲ್ಲ. ಹಾಗೆ ಒಮ್ಮೆಲೇ ಬಿಟ್ಟರೆ ಜೀವಕ್ಕೇ ಕುತ್ತು ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಎರಡು ದಿನ ಬೆವರು, ವಾಂತಿ. ಮೂರನೆಯ ದಿನ ಮಷೀನಿನ ಮುಂದೆ ಕೂತಿದ್ದವಳು ಫಿಟ್ಸ್ ಬಂದು ಕೆಳಗೆ ಬಿದ್ದೆ. ನೋಡಿದವಳು ಪಲ್ಲವಿ. ಕಣ್ಣು ಬಿಟ್ಟಾಗ ಅದೇ ಬೀದರಿನ ದವಾಖಾನೆ, ಈ ಸಲ ಹೆಂಗಸರ ವಾರ್ಡು.

ನಮ್ಮ ಮನೆಯವರು ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಅವರು ಮಾತು ಕಡಿಮೆಯ ಮನುಷ್ಯ. ಬಹಳ ಹೊತ್ತಾದ ಮೇಲೆ, "ಬಟ್ಟಿ ಗುಡ್ಡಿ ಬುಡಕ ನಾ ಭಾಳ ಸಲ ನೋಡೀನಿ ಸುಮಾ. ಏನ್ ಹೇಳಬೇಕಂತ ತಿಳೀಲಿಲ್ಲ" ಅಂದರು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅತ್ತೆ ಓಣಿಯವರಿಗೆಲ್ಲ "ಬಿ.ಪಿ. ಇಳಿದಿತ್ತು" ಅಂತ ಹೇಳಿದ್ದರಂತೆ. ಮನೆಗೆ ಬಂದ ಮೇಲೆ ನನ್ನ ಜೊತೆ ಆ ವಿಷಯ ಎತ್ತಲಿಲ್ಲ. ಆದರೆ ಪೂಜೆಯ ಕೋಣೆಯ ಕೆಲಸಗಳನ್ನು ಒಂದೊಂದಾಗಿ ತಾವೇ ಮಾಡಿಕೊಳ್ಳತೊಡಗಿದರು. ನಾನು ತಂದ ಹೂವನ್ನು ಹೊರಗಿನ ಕಟ್ಟೆಯ ಮೇಲೇ ಇಡಿಸಿಕೊಳ್ಳುತ್ತಿದ್ದರು.

ಪಲ್ಲವಿ ಮಾತ್ರ ಒಂದು ಸಂಜೆ ನೇರವಾಗಿ ಹೇಳಿದಳು: "ಅವ್ವಾ, ನೀ ಕುಡದಾಗ ಮಾತ್ರ ನಗ್ತಿದ್ದಿ. ನೀ ನಕ್ರ ನನಗ ಅಂಜಿಕಿ ಬರ್ತಿತ್ತು." ಈಗಲೂ ಮನೆಯಲ್ಲಿ ಜೋರಾಗಿ ನಕ್ಕರೆ ಅವಳ ಮುಖ ನೋಡುತ್ತೇನೆ.

ದವಾಖಾನೆಯಿಂದ ಬಿಡುವ ದಿನ ಅಲ್ಲಿಯ ಆಪ್ತಸಮಾಲೋಚಕಿ ನನ್ನನ್ನು ಕೂರಿಸಿಕೊಂಡು, ಗುಳಿಗೆ ಒಂದೇ ಸಾಲುವುದಿಲ್ಲ, ಬಿಟ್ಟವರ ಜೊತೆ ಕೂರಬೇಕು, ಹುಮನಾಬಾದಿನಲ್ಲಿ ರವಿವಾರ ಅಂಥವರ ಸಭೆ ನಡೆಯುತ್ತದೆ ಅಂದರು. ಧಾನ್ಯದ ಪೇಟೆ ಗಂಜ್, ಅದರ ಹಿಂದಿನ ಗಲ್ಲಿ, ಮಹಡಿಯ ಮೇಲಿನ ಕೋಣೆ, ಇಷ್ಟೇ ಗುರುತು. ಹುಮನಾಬಾದ್ ಅಂದರೆ ರೇಣುಕಾ ಇರುವ ಊರು. ಬೇರೆ ಯಾವ ಊರೂ ಇಲ್ಲವೇ ಅಂತ ಕೇಳಿದೆ. "ನಿಮಗೆ ಹತ್ತಿರ ಅಂದರೆ ಅದೇ" ಅಂದರು.

ಹೋದೆ. ಮನೆಯಲ್ಲಿ ಲೇಸ್ ತರುವುದಿದೆ ಅಂತ ಹೇಳಿ ಹೋದೆ. ರವಿವಾರ ಗಂಜ್ ಬಂದ್ ಇರುತ್ತದೆ. ತೊಗರಿ, ಸೋಯಾ ಚೀಲಗಳ ರಾಶಿಯ ನೆರಳಲ್ಲಿ ಹಮಾಲರು ಮಲಗಿದ್ದರು. ಯಾರನ್ನು ಕೇಳುವುದು? ಏನಂತ ಕೇಳುವುದು? ಒಬ್ಬ ಆಟೋದವನ ಹತ್ತಿರ ಹೋಗಿ, "ಇಲ್ಲಿ ಮ್ಯಾಲ ಸಭೆ ನಡೀತದಲ್ರೀ, ಎಲ್ಲದ?" ಅಂದೆ. ಯಾವ ಸಭೆ ಅಂತ ಹೇಳಲಿಲ್ಲ. ಅವನು ಒಂದು ಕಟ್ಟಡ ತೋರಿಸಿದ. ಮೇಲೆ ಹೋದರೆ ದೊಡ್ಡ ಹಾಲು, ತುಂಬ ಜನ. ಬಾಗಿಲಲ್ಲೇ ಒಬ್ಬರು ನನ್ನ ತಲೆಗೆ ಹಸಿರು ಟೋಪಿ ಇಟ್ಟು ಕೈಗೆ ಉಪ್ಪಿಟ್ಟು ಕೊಟ್ಟರು. ಇಷ್ಟೊಂದು ಜನ ಕುಡಿತ ಬಿಟ್ಟವರು ಇದ್ದಾರಲ್ಲ ಅಂತ ನನಗೆ ಒಂಥರ ಧೈರ್ಯವೇ ಬಂತು. ಅರ್ಧ ಉಪ್ಪಿಟ್ಟು ತಿಂದ ಮೇಲೆ ವೇದಿಕೆಯ ಮೇಲಿದ್ದವರು ಸೋಯಾ ಬೀಜದ ಮೊಳಕೆಯ ಬಗ್ಗೆ ಮಾತಾಡತೊಡಗಿದರು. ಬೀಜದ ಕಂಪನಿಯ ಸಭೆ ಅದು. ಟೋಪಿ ತೆಗೆದು ಕುರ್ಚಿಯ ಮೇಲಿಟ್ಟು ಇಳಿದು ಬಂದೆ. ಬಸ್ಸಿನಲ್ಲಿ ಮೊದಲು ನಗು ಬಂತು, ದಾರಿಯ ರಾಜೇಶ್ವರ ಊರು ದಾಟುವಷ್ಟರಲ್ಲಿ ಅಳು ಬಂತು.

ಮುಂದಿನ ವಾರ ಮತ್ತೆ ಹೋದೆ. ಈ ಸಲ ಗಲ್ಲಿಯ ಮೂಲೆಯ ವೆಲ್ಡಿಂಗ್ ಅಂಗಡಿಯ ಮುಂದೆ ಗಡ್ಡದ ಒಬ್ಬರು ಸ್ಟವ್ ಮೇಲೆ ಚಹಾ ಇಟ್ಟಿದ್ದರು. ಅವರನ್ನು ಕೇಳಿದೆ. "ಇಲ್ಲಿ... ಕುಡಿಯೋದು ಬಿಡಿಸೋ ಸಭೆ ಎಲ್ಲದರೀ? ನನ್ನ ತಮ್ಮಗ ಬೇಕಾಗ್ಯದ."

ಬಾಯಿಂದ ಅದು ತಾನಾಗಿಯೇ ಬಂದುಬಿಟ್ಟಿತು. ನನ್ನ ತಮ್ಮನಿಗೆ. ರಾಜು ತೀರಿಕೊಂಡು ಆಗ ವರ್ಷ ತುಂಬುತ್ತ ಬಂದಿತ್ತು.

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಸ್ಟವ್ ಸಣ್ಣ ಮಾಡಿ, "ಬರ್ರಿ ಅಕ್ಕಾ, ನಾನೂ ಅಲ್ಲೇ ಹೊಂಟೀನಿ. ಈ ಚಹಾ ಅವರಿಗೇ" ಅಂದರು. ಅವರ ಹೆಸರು ಇಸ್ಮಾಯಿಲ್ ಭಾಯಿ. ಗೊಬ್ಬರದ ಅಂಗಡಿಯ ಪಕ್ಕದ ಮೆಟ್ಟಿಲು. ಮೇಲೆ ಬಾಗಿಲಲ್ಲಿ ಬರೀ ಗಂಡಸರ ಚಪ್ಪಲಿ. ನಾನು ಅಲ್ಲೇ ನಿಂತುಬಿಟ್ಟೆ. ಇಸ್ಮಾಯಿಲ್ ಭಾಯಿ ಕೆಟಲಿ ಹಿಡಿದು ಒಂದು ಮೆಟ್ಟಿಲು ಕೆಳಗೇ ನಿಂತು ಕಾದರು. ಒಳಗೆ ಹೋಗಿರಿ ಅನ್ನಲಿಲ್ಲ, ಹೋಗಬೇಡಿ ಅನ್ನಲಿಲ್ಲ. ಚಹಾ ಆರುತ್ತಿದೆಯಲ್ಲ ಅಂತ ನಾನೇ ಚಪ್ಪಲಿ ಬಿಟ್ಟೆ.

ಒಳಗೆ ಜಮಖಾನೆ ಹಾಸಿತ್ತು. ಹತ್ತು ಹನ್ನೆರಡು ಜನ ಗೋಡೆಗೊರಗಿ ಕೂತಿದ್ದರು. ಹಿರಿಯರೊಬ್ಬರು ಎದ್ದು ನಿಂತು, "ಬರ್ರಿ ತಾಯಿ, ಕುಂದರ್ರಿ" ಅಂದರು. ಅವರು ಶರಣಪ್ಪ, ಬಸ್ ಕಂಡಕ್ಟರ್ ಆಗಿದ್ದು ರಿಟೈರ್ ಆದವರು. ಯಾರೂ ಅಲ್ಲಿ ನನ್ನನ್ನು ಯಾಕೆ ಬಂದಿರಿ ಅನ್ನಲಿಲ್ಲ. ಒಬ್ಬೊಬ್ಬರಾಗಿ ಮಾತಾಡಿದರು. ಒಬ್ಬ, ಮಗಳ ಮದುವೆಯ ದಿನ ಚರಂಡಿಯಲ್ಲಿ ಬಿದ್ದದ್ದು ಹೇಳಿದ. ಇನ್ನೊಬ್ಬ, ಈ ವಾರ ಎರಡು ದಿನ ಮತ್ತೆ ಕುಡಿದೆ ಅಂದು ತಲೆ ತಗ್ಗಿಸಿದ. ಯಾರೂ ನಗಲಿಲ್ಲ, ಛೀ ಅನ್ನಲಿಲ್ಲ. ನನ್ನ ಸರದಿ ಬಂದಾಗ ನಾನು ಸೆರಗು ಬಿಗಿಯಾಗಿ ಹಿಡಿದುಕೊಂಡು ಹೇಳಿದೆ: "ನನ್ನ ತಮ್ಮ ರಾಜು ಅಂತ. ಫ್ಯಾಕ್ಟರ್ಯಾಗ ಬಾಯ್ಲರ್ ನೋಡ್ತಾನ. ಭಾಳ ಕುಡೀತಾನ್ರಿ. ಅವನ್ನ ಹ್ಯಾಂಗ ಕರಕೊಂಡ ಬರಬೇಕು ತಿಳೀವಲ್ದು."

ಇಸ್ಮಾಯಿಲ್ ಭಾಯಿ ನನಗೆ ಚಹಾ ಕೊಟ್ಟರು. ಶರಣಪ್ಪನವರು ಬಹಳ ಹೊತ್ತು ಜಮಖಾನೆ ನೋಡುತ್ತಿದ್ದು, "ನೀವು ಬರ್ತಾ ಇರ್ರಿ ತಾಯಿ. ನೀವು ಬಂದ್ರ ಸಾಕು" ಅಂದರು.

ಹಾಗೆ ಎಷ್ಟೋ ರವಿವಾರ ಹೋದೆ. ನಮ್ಮ ಮನೆಯವರಿಗೆ ನಿಜ ಹೇಳಿದೆ. ಅವರು ಅಂಗಡಿ ಮುಚ್ಚಿ ನನ್ನ ಜೊತೆ ಬಸ್ಸಿಗೆ ಬಂದು, ಗಂಜ್ ಮುಂದಿನ ಹೋಟೆಲಿನಲ್ಲಿ ಪೇಪರ್ ಓದುತ್ತ ಕೂರುತ್ತಿದ್ದರು. ಬರುವಾಗ ಏನಾಯಿತು ಅಂತ ಕೇಳುತ್ತಿರಲಿಲ್ಲ. ಕಿಟಕಿಯ ಕಡೆ ನನ್ನನ್ನು ಕೂರಿಸುತ್ತಿದ್ದರು. ನಾನು ಕುಡಿದಿರಲಿಲ್ಲ. ಆದರೆ ಒಳಗೆ ನನ್ನ ಸರದಿ ಬಂದಾಗೆಲ್ಲ ರಾಜುನ ಮಾತೇ. "ಈ ವಾರನೂ ಬರಾಂಗಿಲ್ಲ ಅಂದ್ರಿ." "ಸ್ವಲ್ಪ ಕಡಿಮಿ ಮಾಡ್ಯಾನ್ರಿ." ಅವನು ಇನ್ನೂ ಎಲ್ಲೋ ಇದ್ದಾನೆ, ನಾನು ಸರಿಯಾದ ಮಾತು ಹೇಳಿದರೆ ಬರುತ್ತಾನೆ ಅಂತ ಆ ಹೊತ್ತಿಗೆ ನನಗೇ ಅನ್ನಿಸುತ್ತಿತ್ತು. ಆ ಒಂದು ತಾಸು ಅವನು ಬದುಕಿರುತ್ತಿದ್ದ.

ಚಳಿಗಾಲದಲ್ಲಿ ಹಳ್ಳಿಖೇಡದ ಕಡೆಯ ಒಬ್ಬ ಟ್ರ್ಯಾಕ್ಟರ್ ಡ್ರೈವರ್ ಹೊಸದಾಗಿ ಬಂದ. ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವವನು, ದಪ್ಪ ಮೀಸೆ, ಮೃದು ಮಾತು. ನನ್ನ ಮಾತು ಮುಗಿದ ಮೇಲೆ ಅವನು, "ಅಕ್ಕೋರೆ, ನಿಮ್ಮ ತಮ್ಮನ ಮನಿ ಎಲ್ಲದ ಹೇಳ್ರಿ. ನಾ ಈಗಽ ಹೋಗಿ ಕರಕೊಂಡ ಬರ್ತೀನಿ. ನನ್ನಂಥವ ಕರದ್ರ ಬರ್ತಾನ" ಅಂದು ಎದ್ದೇ ನಿಂತ. "ಏ, ಕುಂದರು" ಅಂತ ಯಾರೋ ಮೆಲ್ಲಗೆ ಅಂದರು. ಅವನಿಗೆ ತಿಳಿಯಲಿಲ್ಲ. "ಯಾಕ? ಒಂದ್ ಜೀವ ಉಳೀತದಲ್ಲ" ಅಂದ.

ಅವನು ನಿಂತೇ ಇದ್ದ, ನನ್ನ ಉತ್ತರಕ್ಕೆ ಕಾಯುತ್ತ. ನಾನು ಅವನ ಮುಖ ನೋಡಿದೆ. "ಅವ ಸತ್ತಾನ್ರಿ" ಅಂದೆ. "ಹೋದ ವರ್ಷನಽ ಸತ್ತಾನ. ಕಾಮಾಲಿ ಅಲ್ಲ, ಕುಡದು ಸತ್ತ. ನಾ ಸುಮಂಗಲಾ. ನಾನೂ ಕುಡೀತಿದ್ದೆ. ಇಬ್ರೂ ಕೂಡೇ ಕುಡೀತಿದ್ವಿ."

ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ರಾಜು ತೀರಿಕೊಂಡಾಗಲೂ ನಾನು ಹಾಗೆ ಅತ್ತಿರಲಿಲ್ಲ. ಆ ಟ್ರ್ಯಾಕ್ಟರಿನವನೂ ಅತ್ತ. ಎಲ್ಲರೂ ನನ್ನ ಅಳು ಮುಗಿಯುವವರೆಗೆ ಕಾದರು.

ಸಭೆ ಮುಗಿದು ಮೆಟ್ಟಿಲು ಇಳಿಯುವಾಗ ಶರಣಪ್ಪನವರು ನನ್ನನ್ನು ನಿಲ್ಲಿಸಿದರು. "ತಾಯಿ, ಇಲ್ಲಿ ಯಾರ ಮಾತು ಯಾರಿಗೂ ಹೇಳಬಾರದಂತ ನೇಮ ಅದ. ಆದ್ರ ಇಂದು ಹೇಳಲಿಲ್ಲಂದ್ರ ನನಗ ಸಮಾಧಾನ ಆಗಾಂಗಿಲ್ಲ. ನಮಗ ಮೊದಲನೇ ದಿನಽ ಗೊತ್ತಿತ್ತು. ಮಣ್ಣಿಗೆ ನಾವೂ ಬಂದಿದ್ವಿ, ಹಿಂದ ನಿಂತಿದ್ವಿ."

ನನಗೆ ಅರ್ಥವಾಗಲಿಲ್ಲ. "ನಿಮಗ ರಾಜು ಹ್ಯಾಂಗ ಗೊತ್ತು?"

"ಇಲ್ಲಿಗೇ ಬರ್ತಿದ್ದ. ಬಿಡ್ತಿದ್ದ, ಬೀಳ್ತಿದ್ದ, ಮತ್ತ ಬರ್ತಿದ್ದ. ಕಡೀಕ ಬಿಟ್ಟೇಬಿಟ್ಟಿದ್ದ, ಒಂದ್ ಹನಿ ಮುಟ್ಟಿದ್ದಿಲ್ಲ. ಅಷ್ಟೊತ್ತಿಗೆ ಲಿವರ್ ಕೈಬಿಟ್ಟಿತ್ತು. ಎಲ್ಲರ ಮುಂದ ಒಂದಽ ಮಾತು ಹೇಳ್ತಿದ್ದ, 'ನಮ್ಮಕ್ಕನ್ನ ಒಂದಿನ ಕರಕೊಂಡ ಬರ್ತೀನಿ, ಅಕಿಗೆ ಕಲಿಸಿದವ ನಾನಽ' ಅಂತ. ನೀವು ಬಾಗಲಾಗ ನಿಂತಾಗ ಇಸ್ಮಾಯಿಲ್ ನನ್ನ ಕಡಿ ನೋಡಿದ. ಮುಖ ಅವಂದಽ ಅಲ್ರೀ ನಿಮ್ದು."

ನಾನು ಮೆಟ್ಟಿಲ ಮೇಲೇ ಕೂತೆ. ಮತ್ತೊಂದು ರವಿವಾರ ಅಂದಿದ್ದ ಅವನು. ನನಗೆ ಹತ್ತು ಬ್ಲೌಸು ಬಾಕಿ ಇದ್ದವು.

ಇದನ್ನು ರೇಣುಕಾಗೆ ಹೇಳಬೇಕು ಅನ್ನಿಸಿತು. ಅವಳಿಗೆ ಗೊತ್ತೋ ಇಲ್ಲವೋ. ಹೇಳುವ ಹಕ್ಕು ನನಗಿದೆಯೋ ಇಲ್ಲವೋ. ಶರಣಪ್ಪನವರನ್ನು ಕೇಳಿದೆ. "ಹೋದವನ ಮಾತು, ಮನಿಯಾಕಿಗೆ ಮುಟ್ಟಿದ್ರ ತಪ್ಪೇನಿಲ್ಲ" ಅಂದರು. ಆದರೂ ಅವಳ ಓಣಿಗೆ ಹೋಗಲು ನನಗೆ ಇನ್ನೂ ಕೆಲವು ವಾರ ಬೇಕಾದವು.

ಒಂದು ರವಿವಾರ ಸಭೆಗೆ ಮುಂಚೆ ಹೋದೆ. ರೇಣುಕಾ ಬಾಗಿಲ ಮುಂದೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಮೊರ ನಿಂತಿತು. ಏಳಲಿಲ್ಲ, ಬಾ ಅನ್ನಲಿಲ್ಲ. ತೆಳ್ಳಗಾಗಿದ್ದಳು.

"ಒಳಗ ಬರಾಂಗಿಲ್ಲ ರೇಣುಕಾ. ಒಂದ್ ಮಾತು ಹೇಳಿ ಹೋಗ್ತೀನಿ" ಅಂದೆ. "ರಾಜು ರವಿವಾರ ಎಲ್ಲಿಗೆ ಹೋಗ್ತಿದ್ದ, ನಿನಗ ಗೊತ್ತೇನು?"

ಅವಳ ಮುಖ ಬಿಗಿಯಿತು. "ಗೊತ್ತಿಲ್ದ ಏನು? ಕುಡ್ಯಾಕ. ಮಧ್ಯಾಹ್ನ ಇಸ್ತ್ರಿ ಅಂಗಿ ಹಾಕ್ಕೊಂಡು ಹೊಂಡ್ತಿದ್ರು. ಎಲ್ಲಿಗಂದ್ರ, ಇಲ್ಲೇ ಅಂತಿದ್ರು."

"ಕುಡ್ಯಾಕಲ್ಲ. ಬಿಡಾಕ ಹೋಗ್ತಿದ್ದ. ಗಂಜ್ ಹಿಂದ ಒಂದ್ ಸಭೆ ನಡೀತದ. ನಾನೂ ಈಗ ಅಲ್ಲೇ ಹೋಗಾಕತ್ತೀನಿ. ಅವರು ಹೇಳಿದ್ರು."

ಅವಳು ಮೊರದಿಂದ ಒಂದು ಕಲ್ಲು ಹೆಕ್ಕಿ ಕೈಯಲ್ಲೇ ಹಿಡಿದುಕೊಂಡಳು. ನನಗಲ್ಲ, ಬೀದಿಗೆ ಹೇಳಿದ ಹಾಗೆ ಹೇಳಿದಳು. "ರವಿವಾರ ಬಂತಂದ್ರ ನಾ ಜಗಳ ತೆಗೀತಿದ್ದೆ. ತಿರುಗಿ ಬಂದ್ ಮ್ಯಾಲ ಬಾಯಿ ವಾಸನಿ ನೋಡ್ತಿದ್ದೆ. ವಾಸನಿ ಬರ್ತಿದ್ದಿಲ್ಲ. ಆದ್ರೂ ನಂಬಲಿಲ್ಲ. ಏನೋ ತಿಂದು ಬಂದಾರ ಅಂತಿದ್ದೆ. ಊಟಕ್ಕ ಬಡಸ್ತಿದ್ದಿಲ್ಲ ಅವತ್ತು. ತಾವೇ ಹಾಕ್ಕೊಂಡು ಉಣ್ತಿದ್ರು."

ನಾನು ಹೊರಡಲು ತಿರುಗಿದೆ. ಆಗ ಅವಳು ಎದ್ದಳು. "ನಿಂದರ್ರಿ. ನಾನೂ ಬರ್ತೀನಿ. ಆ ಕೋಣಿ ನೋಡಬೇಕು."

ದಾರಿಯುದ್ದಕ್ಕೂ ಅವಳು ನನ್ನಿಂದ ನಾಲ್ಕು ಹೆಜ್ಜೆ ಹಿಂದೆಯೇ ನಡೆದಳು. ಬಾಗಿಲಲ್ಲಿ ನಿಂತು ಒಳಗೆ ನೋಡಿದಳು. ಎಲ್ಲರೂ ಎದ್ದು ನಿಂತರು. "ಎಲ್ಲಿ ಕುಂದರ್ತಿದ್ರು?" ಅಂತ ಕೇಳಿದಳು. ಇಸ್ಮಾಯಿಲ್ ಭಾಯಿ ಕಿಟಕಿಯ ಕೆಳಗಿನ ಜಾಗ ತೋರಿಸಿದರು. ಅಲ್ಲಿ ಕೂತಿದ್ದವರು ಬೇರೆ ಕಡೆ ಸರಿದರು. ರೇಣುಕಾ ಹೋಗಿ ಅಲ್ಲಿ ಕೂರಲಿಲ್ಲ, ಅದರ ಪಕ್ಕದಲ್ಲಿ ಕೂತಳು.

"ನನಗ ಯಾಕ ಹೇಳಲಿಲ್ಲ ಅವರು?" ಅಂತ ಶರಣಪ್ಪನವರನ್ನು ಕೇಳಿದಳು.

"ಹೇಳಂತ ನಾವೂ ಅಂದಿದ್ವಿ ತಂಗಿ. 'ಹಿಂದ ಭಾಳ ಸಲ ಬಿಟ್ಟೀನಿ ಅಂತ ಹೇಳಿ ಅಕಿ ಮುಂದ ಸುಳ್ಳಾಗೀನಿ. ಈ ಸಲ ಹೇಳಾಂಗಿಲ್ಲ, ಒಂದ್ ವರ್ಷ ತುಂಬಲಿ, ಕರಕೊಂಡ ಬಂದು ಇಲ್ಲಿ ಕುಂದರಸಿ ನಿಮ್ಮೆಲ್ಲರ ಮುಂದ ಹೇಳ್ತೀನಿ' ಅಂತಿದ್ದ."

ಸಭೆ ಶುರುವಾಯಿತು. ಒಬ್ಬೊಬ್ಬರಾಗಿ ತಮ್ಮ ಹೆಸರು ಹೇಳಿ ಮಾತಾಡಿದರು. ಸರದಿ ಅವಳ ಹತ್ತಿರ ಬಂತು. ಬೇಡವಾದರೆ ಸುಮ್ಮನಿರಬಹುದು ಅಂತ ಶರಣಪ್ಪನವರು ಹೇಳಿದರು. ಅವಳು ಪಕ್ಕದ ಖಾಲಿ ಜಾಗ ನೋಡಿದಳು. ಆಮೇಲೆ ಎರಡೂ ಕೈ ಜೋಡಿಸಿದಳು.

"ನಾ ರೇಣುಕಾ. ರಾಜು ಅವರ ಮನಿಯಾಕಿ" ಅಂದಳು. "ನನಗ ಗೊತ್ತಿದ್ದಿಲ್ರಿ."

ಅಷ್ಟೇ ಹೇಳಿದಳು. ಮುಂದೆ ಇದ್ದದ್ದು ನನ್ನ ಸರದಿ. ಆ ದಿನ ಅದನ್ನು ಪಕ್ಕದವರಿಗೆ ಬಿಟ್ಟುಕೊಟ್ಟೆ.